ಮಂಚೇನಹಳ್ಳಿಯ ಕೆರೆಯೇರಿಯ ಮೇಲೆ

ಇದ್ದ ಊರನ್ನು ಬಿಟ್ಟು ಇನ್ನೊಂದು ಊರಿನಲ್ಲಿ ನೆಲೆಸುವುದು ಗೃಹಸ್ಥರಿಗೆ ಹೊಸ ಸಂಗತಿಯಲ್ಲ. ಉದ್ಯೋಗವು ಕರೆದತ್ತ ಸಂಸಾರವು ಹೋಗಲೇಬೇಕು. ಪಾತ್ರೆಪಡಗಗಳನ್ನು ಹೇರಿ ತರುವುದು ಒಂದು ದಿನದ ಕೆಲಸ. ಮನಸ್ಸನ್ನು ತರುವುದಕ್ಕೆ ಎಷ್ಟು ದಿನ ಹಿಡಿದೀತೆಂದು ಯಾರೂ ಹೇಳಲಾರರು. ಮನೆಯಲ್ಲಿ ವಯಸ್ಸಾದವರಿದ್ದರಂತೂ ಈ ಕಷ್ಟವು ಇಮ್ಮಡಿಯಾಗುತ್ತದೆ.

ನಾವು ತೀರ್ಥಹಳ್ಳಿಯ ಕಡೆಯವರು. ನಮ್ಮ ಹಿತ್ತಿಲಿನ ಅಂಚಿನಲ್ಲಿಯೇ ತುಂಗೆಯು ಹರಿಯುತ್ತಿದ್ದಳು. ಅಲ್ಲಿಂದ ವರ್ಗವಾಗಿ ನಾವು ಬಂದು ಸೇರಿದುದು ಮಂಚೇನಹಳ್ಳಿಗೆ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿರುವ ಈ ಊರು ಬಹುಕಾಲ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿಯಾಗಿದ್ದು, ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ. 2007ರವರೆಗೆ ಈ ಸೀಮೆಯೆಲ್ಲವೂ ಕೋಲಾರ ಜಿಲ್ಲೆಗೆ ಸೇರಿತ್ತು. ಆಂಧ್ರದ ಗಡಿಯು ದೂರವಿಲ್ಲದುದರಿಂದ ಸಂತೆಯಲ್ಲಿ ಕನ್ನಡವೂ ತೆಲುಗೂ ಒಂದೇ ನಾಲಿಗೆಯ ಮೇಲೆ ಸಲೀಸಾಗಿ ಹೊರಳುತ್ತವೆ.

ನಮ್ಮ ತಾಯಿಯವರಿಗೆ ಎಪ್ಪತ್ತು ಕಳೆದಿದೆ. ಹುಟ್ಟಿದ ಮನೆಯೂ ಕೊಟ್ಟ ಮನೆಯೂ ಹೊಳೆಯ ದಂಡೆಯಲ್ಲಿಯೇ ಇದ್ದುವು. ಇಲ್ಲಿಗೆ ಬಂದ ಮರುದಿನ ಬೆಳಗ್ಗೆ ಅವರು ಬಾಗಿಲಲ್ಲಿ ನಿಂತು, “ಇಲ್ಲಿ ಹೊಳೆ ಎಲ್ಲಿದೆಯಪ್ಪಾ?” ಎಂದು ಕೇಳಿದರು. ನಾವು ಉತ್ತರ ಹೇಳಲಾರದೆ ಹೋದೆವು. ಆಮೇಲೆ ಅವರು ಕೇಳಲಿಲ್ಲ. ಆದರೆ ದಿನದಿನಕ್ಕೆ ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ವೈದ್ಯರು ನೋಡಿ, ದೇಹದಲ್ಲಿ ರೋಗವೇನೂ ಇಲ್ಲವೆಂದರು. ಆ ಮಾತಿನಿಂದ ನಮಗೆ ಸಮಾಧಾನಕ್ಕಿಂತ ಕಳವಳವೇ ಹೆಚ್ಚಾಯಿತು. ಕಡೆಗೆ, ಸಂಜೆಯ ಹೊತ್ತು ಅವರನ್ನು ಕರೆದುಕೊಂಡು ಊರ ಹೊರಗೆ ತಿರುಗಾಡಿ ಬರುವುದೆಂದು ನಮ್ಮ ಮನೆಯವರು ನಿಶ್ಚಯಿಸಿದರು.

ಮಲೆನಾಡಿನ ಕಣ್ಣಿಗೆ ಈ ನೆಲವು ಮೊದಲು ಬರಿದಾಗಿ ತೋರುತ್ತದೆ. ಅಲ್ಲಿ ಕಾಡು ನೋಟವನ್ನು ತಡೆಯುವುದು. ಇಲ್ಲಿ ತಡೆಯುವುದು ಯಾವುದೂ ಇಲ್ಲ. ಆಗ್ನೇಯದಲ್ಲಿ ನಂದಿಯ ಬೆಟ್ಟಗಳ ನೀಲಿ ಗೆರೆ, ಸುತ್ತಲೂ ಬೋಳು ಗುಡ್ಡಗಳು, ಒಂದರ ಮೇಲೊಂದು ಇಟ್ಟಂತಿರುವ ಹೆಬ್ಬಂಡೆಗಳು. ಈ ಭಾಗದ ಬಂಡೆಗಳಿಗೆ 250 ಕೋಟಿ ವರ್ಷಗಳಷ್ಟು ವಯಸ್ಸಾಗಿದೆಯೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಬಂಡೆಗಳ ನಡುವೆ ಕೆಂಪು ಹೊಲ; ಹೊಲದಲ್ಲಿ ರಾಗಿ, ಮುಸುಕಿನ ಜೋಳ, ಕಡಲೆಕಾಯಿ; ದಾರಿಯ ಬದಿಯಲ್ಲಿ ಹುಣಸೆ, ಹೊಂಗೆ. ನಾವು ಹೊರಟುದು ಮಾರ್ಗಶಿರ ಮಾಸದಲ್ಲಿ. ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತಿದ್ದ ಅವರೆಯು ಕಾಯಿ ಹಿಡಿದಿತ್ತು. ಮಂಜು ಇಳಿಯುವ ಹೊತ್ತಿಗೆ ಅದರ ಸೊಗಡು ದಾರಿಯುದ್ದಕ್ಕೂ ಹರಡಿಕೊಂಡಿತ್ತು. ತಾಯಿಯವರು ನಿಂತು ಆ ವಾಸನೆಯನ್ನು ಹೀರಿದರು. ಹೊಸ ಊರಿನ ಒಂದು ವಸ್ತುವನ್ನು ಅವರು ತಾವಾಗಿ ಗಮನಿಸಿದುದು ಅದೇ ಮೊದಲು.

ಬಂಡಿಯ ಜಾಡು ಹಿಡಿದು ಹೋದರೆ ಒಂದು ಕೆರೆಯ ಏರಿ ಸಿಕ್ಕುತ್ತದೆ. ಏರಿಯ ಮೇಲೆ ಕುಳಿತಿದ್ದ ವೃದ್ಧ ರೈತರೊಬ್ಬರು ತಾಯಿಯವರನ್ನು ಕಂಡು, ತಮ್ಮ ಕಂಬಳಿಯನ್ನು ಹಾಸಿ, “ಕೂತ್ಕೊಳ್ಳಿ ತಾಯಿ, ಯಾವ ಕಡೆಯೋರು?” ಎಂದು ವಿಚಾರಿಸಿದರು. ಹೊಳೆಯ ಸೀಮೆಯವರೆಂದು ತಿಳಿದ ಮೇಲೆ ನಕ್ಕು, “ನಿಮಗೆ ದೇವರು ನೀರು ಕೊಟ್ಟ, ನಮಗೆ ನೀರು ಹಿಡಿಯೋ ಬುದ್ಧಿ ಕೊಟ್ಟ” ಎಂದರು. ಅನಂತರ ತೂಬು, ಕೋಡಿ, ಅಚ್ಚುಕಟ್ಟುಗಳನ್ನು ಕೈತೋರಿಸಿ ವಿವರಿಸಿದರು. ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಅದರಲ್ಲಿ ಹೆಚ್ಚಿನದು ಶ್ರಾವಣದಿಂದ ಆಶ್ವಯುಜದೊಳಗೆ ಬಂದುಹೋಗುತ್ತದೆ. ಬಿದ್ದುದನ್ನು ಬಿದ್ದಲ್ಲಿಯೇ ಹಿಡಿಯದಿದ್ದರೆ ಬೇಸಗೆಗೆ ದನಕ್ಕೂ ನೀರಿಲ್ಲ. ಆದಕಾರಣ ಹಿರಿಯರು ಮೇಲಿನ ಕೆರೆಯ ಕೋಡಿಯು ಕೆಳಗಿನ ಕೆರೆಗೆ ಹರಿಯುವಂತೆ ಊರಿಂದೂರಿಗೆ ಸರಪಣಿ ಕಟ್ಟಿದರು. ಅನೇಕ ಕಡೆ ಹೂಳು ತುಂಬಿ ಆ ಸರಪಣಿಯು ತುಂಡಾಗಿದೆ. ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗೆ ಇಳಿದಿವೆ. ಆದರೂ ಕೆರೆಯು ಕೋಡಿ ಬಿದ್ದ ವರ್ಷ ಊರಿಗೆ ಊರೇ ಹಬ್ಬ ಮಾಡುತ್ತದೆಂದು ಆ ಹಿರಿಯರು ಹೇಳುವಾಗ ಅವರ ಮುಖವು ಬೆಳಗಿತು.

“ಕಡೆಯ ಕೆರೆಯ ನೀರು ಎಲ್ಲಿಗೆ ಹೋಗುತ್ತದೆ?” ಎಂದು ತಾಯಿಯವರು ಕೇಳಿದರು.

“ಪಿನಾಕಿನಿಗೆ, ತಾಯಿ.”

ನಂದಿಯ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮಗ್ಗುಲಲ್ಲಿ ಹಾದು, ಆಂಧ್ರವನ್ನು ಹೊಕ್ಕು, ಒಟ್ಟು 597 ಕಿಲೋಮೀಟರು ನಡೆದು, ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ವರ್ಷದ ಬಹುಭಾಗ ಇಲ್ಲಿ ಅದು ಮರಳಿನ ದಾರಿ ಮಾತ್ರ. ನಾವು ಮನೆಗೆ ಬಂದು ಮಕ್ಕಳ ಭೂಪಟವನ್ನು ಬಿಡಿಸಿ ತಾಯಿಯವರಿಗೆ ತೋರಿಸಿದೆವು: ತುಂಗೆಯು ಭದ್ರೆಯನ್ನು ಕೂಡಿ, ತುಂಗಭದ್ರೆಯಾಗಿ ಕೃಷ್ಣೆಯನ್ನು ಸೇರಿ, ಅದೇ ಕೊಲ್ಲಿಗೆ ಇಳಿಯುತ್ತದೆ. ತಾಯಿಯವರು ಎರಡು ಗೆರೆಗಳ ಮೇಲೂ ಬೆರಳಾಡಿಸಿ, “ಹಾಗಾದರೆ ಇವರಿಬ್ಬರೂ ಒಂದೇ ಮನೆಗೆ ಹೋಗುವವರು” ಎಂದರು. ಆ ರಾತ್ರಿ ಅವರು ಇನ್ನೊಂದು ತುತ್ತು ಬಡಿಸಿಕೊಂಡರು.

ಮುಂದಿನ ಭಾನುವಾರ ನಾವೆಲ್ಲರೂ ಅದೇ ನದಿಯ ಜಾಡಿನಲ್ಲಿ ವಿದುರಾಶ್ವತ್ಥಕ್ಕೆ ಹೋಗಿಬಂದೆವು. ವಿದುರನು ಅಶ್ವತ್ಥವನ್ನು ನೆಟ್ಟನೆಂಬ ಪ್ರತೀತಿಯುಳ್ಳ ಆ ಕ್ಷೇತ್ರದಲ್ಲಿ ಸಾಲುಸಾಲಾಗಿ ನಾಗರಕಲ್ಲುಗಳಿವೆ. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಗುಂಡು ಹಾರಿ ಅನೇಕರು ಮಡಿದುದು ಅಲ್ಲಿಯೇ. ಪಾಠದ ಪುಸ್ತಕದಲ್ಲಿ ಓದಿದ್ದ ಹೆಸರು ಈಗ ನಮ್ಮ ನೆರೆಯ ಊರಿನ ಹೆಸರಾಯಿತು. ಸ್ಮಾರಕದ ಮುಂದೆ ತಾಯಿಯವರು ಬಹಳ ಹೊತ್ತು ಕೈಮುಗಿದು ನಿಂತಿದ್ದರು.

ಶಾಂತಿಯನ್ನು ಅರಸಿ ಬಯಲಿಗೆ ಹೋಗಬೇಕೆಂದು ಎಲ್ಲರೂ ಹೇಳುತ್ತಾರೆ. ಗಾಳಿಯೂ ಮೌನವೂ ಹಿತವಾದುವೇ ಸರಿ. ಆದರೆ ಅಷ್ಟರಿಂದಲೇ ಪರಊರು ನಮ್ಮದಾಗುವುದಿಲ್ಲ. ಅದರ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಹೊಲದಲ್ಲಿ ಏನು ಬೆಳೆಯುತ್ತಾರೆ, ಯಾವ ಕಷ್ಟವನ್ನು ಉಂಡು ಜನರು ಬಾಳಿದ್ದಾರೆ ಎಂಬುದನ್ನು ನಡೆದು, ಕೇಳಿ ತಿಳಿದಾಗ ಪರಕೀಯತೆಯು ತಾನಾಗಿಯೇ ಕರಗುತ್ತದೆ. ಹೊಸದಾಗಿ ಊರು ಬದಲಿಸಿದ ವಾಚಕರು ಯಾರಾದರೂ ಇದ್ದರೆ, ಮನೆಯ ಹಿರಿಯರನ್ನು ಕೈಹಿಡಿದು ಸಂಜೆ ಒಂದು ಮೈಲಿ ನಡೆಸಲಿ. ದಾರಿಯಲ್ಲಿ ಸಿಕ್ಕಿದವರೊಡನೆ ಎರಡು ಮಾತನಾಡಲಿ.

ನಮ್ಮ ಹಿತ್ತಿಲಿನಲ್ಲಿ ಈಗ ತಾಯಿಯವರು ಅವರೆಯ ಚಪ್ಪರ ಹಾಕಿಸಿದ್ದಾರೆ. ಬೀಜವನ್ನು ಕೊಟ್ಟವರು ಕೆರೆಯೇರಿಯ ಆ ಹಿರಿಯರೇ. ಮೊದಲ ಕಾಯಿಯನ್ನು ಅವರ ಮನೆಗೇ ಕಳುಹಿಸಬೇಕೆಂದು ತಾಯಿಯವರ ಅಪ್ಪಣೆಯಾಗಿದೆ.