ಮುಖವಾಡ ತೊಟ್ಟು ಊರೂರು ಸುತ್ತಿದ ಹಾಡು

ಮುಂಬಯಿಯ ಬಾಂದ್ರಾ ಪಶ್ಚಿಮದ 28ನೇ ರಸ್ತೆಯಲ್ಲಿ ‘ರಫಿ ಮ್ಯಾನ್ಶನ್’ ಇದೆ. ಮೊಹಮ್ಮದ್ ರಫಿ ಬಾಳಿ ಬದುಕಿದ ಜಾಗ. ಡಿಸೆಂಬರ್ 24ಕ್ಕೆ, ಅವರ ಹುಟ್ಟುಹಬ್ಬದ ದಿನ, ಇಲ್ಲಿಗೆ ಬಂದು ಕೈಮುಗಿದು ಹೋಗುವ ಅಭಿಮಾನಿಗಳ ಬಾಯಲ್ಲಿ ಗಜಲ್ ಇರುತ್ತದೆ, ಭಜನೆ ಇರುತ್ತದೆ, ವಿರಹದ ಹಾಡಿರುತ್ತದೆ. ನನಗೋ, ಆ ರಸ್ತೆಗೆ ಕಾಲಿಟ್ಟರೆ ಸಾಕು, ಎಲ್ಲಿಂದಲೋ ಒಂದು ಗಿಟಾರು ತಂತಿ ಮಿಡಿದು ‘ಜಾನ್ ಪೆಹಚಾನ್ ಹೋ’ ತಲೆಯೊಳಗೆ ಶುರುವಾಗಿಬಿಡುತ್ತದೆ. ಹಾಗೆ ಶುರುವಾದದ್ದು ಕಾರ್ಟರ್ ರೋಡಿನ ಸಮುದ್ರದ ಗಾಳಿ ತಾಗುವವರೆಗೂ ಬಿಡುವುದಿಲ್ಲ.

1965ರ ‘ಗುಮ್ನಾಮ್’ ಚಿತ್ರದ ಹಾಡದು. ಅಗಾಥಾ ಕ್ರಿಸ್ಟಿಯ ಕಾದಂಬರಿಯ ಎಳೆ ಹಿಡಿದು ರಾಜಾ ನವಾಥೆ ನಿರ್ದೇಶಿಸಿದ ಸರಣಿ ಕೊಲೆಗಳ ಕಥೆ, ಶಂಕರ್–ಜೈಕಿಶನ್ ಸಂಗೀತ. ಕಥೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ, ಒಂದು ಕ್ಲಬ್ಬಿನಲ್ಲಿ ಈ ಹಾಡು ಸಿಡಿಯುತ್ತದೆ. ಕುಣಿಯುವವರೆಲ್ಲರ ಕಣ್ಣಿಗೆ ಮುಖವಾಡ. ಹಿಂದೆ ಗಿಟಾರು ಹಿಡಿದ ಹುಡುಗರು. ಡ್ರಮ್ಮಿನ ಮೇಲೆ ದಪ್ಪಕ್ಷರದಲ್ಲಿ ‘ಟೆಡ್ ಲಯನ್ಸ್ ಅಂಡ್ ಹಿಸ್ ಕಬ್ಸ್’. ಸಿನಿಮಾಕ್ಕಾಗಿ ಕಟ್ಟಿದ ಹೆಸರಲ್ಲ ಅದು, ಆ ಕಾಲದ ಮುಂಬಯಿಯಲ್ಲಿ ನಿಜಕ್ಕೂ ಇದ್ದ ತಂಡ. ರಫಿಯ ದನಿಗೆ ತುಟಿ ಆಡಿಸುತ್ತಾ ಕುಣಿಯುವವರು ಹರ್ಮನ್ ಬೆಂಜಮಿನ್. ಆ ನೃತ್ಯವನ್ನು ಹೆಣೆದವರೂ ಅವರೇ.

ಮತ್ತೆ ಲಕ್ಷ್ಮಿ ಛಾಯಾ! ಹೊಳೆಯುವ ಬಂಗಾರದ ಬಣ್ಣದ ಉಡುಪಿನಲ್ಲಿ ಆಕೆ ತಲೆಯನ್ನು ಎಡಕ್ಕೂ ಬಲಕ್ಕೂ ಎಸೆದು ಕುಣಿಯುವ ಪರಿ ನೋಡಬೇಕು. ಕೂದಲು ಒಂದು ಕಡೆ, ತೋಳು ಇನ್ನೊಂದು ಕಡೆ, ಮೈ ಮತ್ತೊಂದು ಕಡೆ. ಆದರೂ ತಾಳದಿಂದ ಒಂದು ಕೂದಲೆಳೆಯೂ ಆಚೀಚೆ ಆಗುವುದಿಲ್ಲ. ನಾಯಕಿ ನಂದಾ, ಜೊತೆಗೆ ಹೆಲೆನ್ ಇರುವ ಚಿತ್ರ ಇದು. ಅಷ್ಟಾದರೂ ಆ ಕೆಲವು ನಿಮಿಷಗಳ ಒಡತಿ ಲಕ್ಷ್ಮಿ ಛಾಯಾ ಒಬ್ಬರೇ.

ಈ ಹಾಡಿನ ಸದ್ದಿಗೆ ಒಂದು ಕುಲವಿದೆ. ಅಮೆರಿಕದಲ್ಲಿ 1960ರ ದಶಕದಲ್ಲಿ ಹದಿಹರೆಯದ ಹುಡುಗರು ಮನೆಯ ಕಾರ್ ಶೆಡ್ಡಿನಲ್ಲಿ ಗಿಟಾರು, ಡ್ರಮ್ಮು ಕೂಡಿಸಿಕೊಂಡು ಬಾರಿಸುತ್ತಿದ್ದ ಒರಟು, ಅಬ್ಬರದ ಸಂಗೀತಕ್ಕೆ ಮುಂದೆ ಗ್ಯಾರೇಜ್ ರಾಕ್ ಎಂದು ಹೆಸರಾಯಿತು. ಅದರ ಮೂಲಪುರುಷನಂಥ ಹಾಡು ‘ಲೂಯಿ ಲೂಯಿ’. ರಿಚರ್ಡ್ ಬೆರ‍್ರಿ 1957ರಲ್ಲಿ ಹಾಡಿದ್ದನ್ನು 1963ರಲ್ಲಿ ಪೋರ್ಟ್‌ಲ್ಯಾಂಡಿನ ‘ಕಿಂಗ್ಸ್‌ಮೆನ್’ ಹುಡುಗರು ಮತ್ತೆ ಹಾಡಿದರು. ಪದಗಳು ಎಷ್ಟು ಅಸ್ಪಷ್ಟ ಎಂದರೆ, ಅಶ್ಲೀಲವಿರಬಹುದೆಂದು ಎಫ್‌ಬಿಐ ತನಿಖೆಯನ್ನೇ ನಡೆಸಿತು. ಕೊನೆಗೆ ಏನು ಹಾಡಿದ್ದಾರೆಂದೇ ತಿಳಿಯದೆ ಕೈಬಿಟ್ಟಿತು. ಆ ಹಾಡಿನ ಮರುಗಾಯನಗಳು ಸಾವಿರ ದಾಟಿವೆ.

ಮುಂಬಯಿಯ ಹುಡುಗರಿಗೆ ಕಾರ್ ಶೆಡ್ಡು ಎಲ್ಲಿಂದ ಬರಬೇಕು? ಇಲ್ಲಿ ಆ ಸಂಗೀತ ಬೇರೆ ದಾರಿ ಹಿಡಿಯಿತು. ರಾತ್ರಿ ಹೋಟೆಲುಗಳಲ್ಲಿ ಜಾಝ್ ನುಡಿಸಿದ ಗೋವಾದ ಕಲಾವಿದರೇ ಹಗಲಲ್ಲಿ ಸಿನಿಮಾ ರೆಕಾರ್ಡಿಂಗಿಗೆ ಬರುತ್ತಿದ್ದರು. ಶಂಕರ್–ಜೈಕಿಶನ್ ಅವರ ವಾದ್ಯವೃಂದಕ್ಕೆ ಬಹುಕಾಲ ಸ್ವರಲಿಪಿ ಬರೆದುಕೊಟ್ಟ ಸೆಬಾಸ್ಟಿಯನ್ ಡಿಸೋಜಾ ಕೂಡ ಗೋವಾದವರೇ. ಸಿಗರೇಟು ಕಂಪನಿಯ ಹೆಸರಲ್ಲಿ ‘ಸಿಮ್ಲಾ ಬೀಟ್’ ಸ್ಪರ್ಧೆ ನಡೆದು, 1970 ಮತ್ತು 71ರಲ್ಲಿ ದೇಶದ ಬೇರೆ ಬೇರೆ ಊರಿನ ತಂಡಗಳ ಹಾಡುಗಳು ಎಲ್‌ಪಿ ತಟ್ಟೆಗಳಾಗಿ ಬಂದದ್ದು ಆಮೇಲಿನ ಮಾತು. ಅದಕ್ಕೂ ಮೊದಲೇ ಈ ಗಿಟಾರಿನ ಗುಂಗನ್ನು ಹಳ್ಳಿಯ ಟೆಂಟ್ ಸಿನಿಮಾದವರೆಗೆ ಮುಟ್ಟಿಸಿದ್ದು ಹಿಂದಿ ಚಿತ್ರಗೀತೆ.

ಹಾಡಿದವರು ಯಾರು ನೋಡಿ. 1952ರ ‘ಬೈಜೂ ಬಾವ್ರಾ’ದಲ್ಲಿ ನೌಶಾದರಿಗಾಗಿ ಭಜನೆ ಹಾಡಿ ಕೇಳುಗರ ಕಣ್ಣು ಒದ್ದೆ ಮಾಡಿದ ಗಂಟಲೇ ಇಲ್ಲಿ ರಾಕ್ ಅಂಡ್ ರೋಲಿನ ಬೆನ್ನೇರಿದೆ. ಲಯ ಓಡುತ್ತಿದೆ, ಹಿತ್ತಾಳೆ ವಾದ್ಯಗಳು ಮೇಲೆ ಬೀಳುತ್ತಿವೆ, ಆದರೂ ಒಂದು ಅಕ್ಷರ ನುಂಗಿಲ್ಲ, ಒಂದು ಸ್ವರ ಜಾರಿಲ್ಲ. ಅಬ್ಬರದ ನಡುವೆ ಅಷ್ಟೊಂದು ಅಚ್ಚುಕಟ್ಟು! ಎರಡೇ ವರ್ಷದ ನಂತರ, 1967ರಲ್ಲಿ, ಅದೇ ದನಿ ಸತ್ಯಂ ಸಂಗೀತದಲ್ಲಿ ನಮ್ಮ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ಕನ್ನಡದಲ್ಲಿ ಹಾಡಿತು. ಆ ನಿಧಾನದ ವಿಷಾದ ಇಂದಿಗೂ ರೇಡಿಯೋದಲ್ಲಿ ಬಂದರೆ ಕೈಲಿದ್ದ ಕೆಲಸ ನಿಂತುಬಿಡುತ್ತದೆ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ರಫಿ ಎಂದರೆ ಏನೆಂದು ಗೊತ್ತಾಗುತ್ತದೆ.

‘ಗುಮ್ನಾಮ್’ ಹಳೆಯದಾಯಿತು, ಹಾಡು ಮಾತ್ರ ಹಳೆಯದಾಗಲಿಲ್ಲ. 2001ರಲ್ಲಿ ಟೆರ‍್ರಿ ಜ್ವಿಗಾಫ್ ಅವರ ‘ಘೋಸ್ಟ್ ವರ್ಲ್ಡ್’ ಶುರುವಾಗುವುದೇ ಇದರಿಂದ. ಅಮೆರಿಕದ ಒಂಟಿ ಹುಡುಗಿಯೊಬ್ಬಳು ತನ್ನ ಕೋಣೆಯಲ್ಲಿ ಟಿವಿ ಹಚ್ಚಿ, ಲಕ್ಷ್ಮಿ ಛಾಯಾ ಜೊತೆಗೆ ತಾನೂ ಕುಣಿಯುತ್ತಾಳೆ. ಅವಳಿಗೆ ಹಿಂದಿಯ ಒಂದು ಪದವೂ ಬೇಕಾಗಿಲ್ಲ. 2011ರಲ್ಲಿ ಹೈನೆಕೆನ್ ಬಿಯರಿನ ಜಾಹೀರಾತು ಇದನ್ನೇ ಎತ್ತಿಕೊಂಡು ದೇಶದೇಶಗಳ ಟಿವಿಗೆ ತಲುಪಿಸಿತು. 2012ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ‘ಬಾಂಬೆ ರಾಯಲ್’ ತಂಡ ತನ್ನ ಮೊದಲ ಆಲ್ಬಮ್ಮಿನಲ್ಲಿ ಇದನ್ನು ಹೊಸದಾಗಿ ಹಾಡಿತು. ಆ ತಂಡದವರೂ ಕಣ್ಣಿಗೆ ಮುಖವಾಡ ತೊಟ್ಟೇ ವೇದಿಕೆ ಏರುತ್ತಿದ್ದರು.

ಬಾಂದ್ರಾ ರಿಕ್ಲಮೇಶನ್ನಿನ ರಂಗಶಾರದಾದಂಥ ಸಭಾಂಗಣಗಳಲ್ಲಿ ಹಳೆಯ ಹಿಂದಿ ಹಾಡುಗಳ ಆರ್ಕೆಸ್ಟ್ರಾ ಕೇಳುತ್ತಾ ನನಗೆ ಅನ್ನಿಸಿದ್ದಿಷ್ಟು. ರಫಿಯ ದನಿಯನ್ನು ಅಚ್ಚೊತ್ತಲು ಹೊರಟವರು ಎಷ್ಟೇ ಪಳಗಿದರೂ ನೆರಳಾಗಿಯೇ ಉಳಿಯುತ್ತಾರೆ. ಹಾಡಿನ ಹುಮ್ಮಸ್ಸನ್ನು ಹಿಡಿದು, ದನಿ ಮಾತ್ರ ತಮ್ಮದೇ ಇಟ್ಟುಕೊಂಡವರು ಗೆಲ್ಲುತ್ತಾರೆ. ‘ಜಾನ್ ಪೆಹಚಾನ್ ಹೋ’ ಗಿಟಾರಿನ ಮೊದಲ ಮೀಟಿಗೇ ಮುಂದಿನ ಸಾಲಿನ ಅಜ್ಜಂದಿರ ಪಾದ ಆಡತೊಡಗುತ್ತದೆ, ಹಿಂದಿನ ಸಾಲಿನ ಕಾಲೇಜು ಮಕ್ಕಳು ಎದ್ದು ನಿಲ್ಲುತ್ತಾರೆ. ಕೆಲವು ಹಾಡು ದೇವರ ಮನೆಯ ಬೆಳ್ಳಿ ಬಟ್ಟಲಿನ ಹಾಗೆ, ಮುಟ್ಟಲು ಭಯವಾಗುತ್ತದೆ. ಈ ಹಾಡಿನಲ್ಲಿ ಆ ಬಿಗುಮಾನ ಇಲ್ಲ. ಯಾರು ಬಂದರೂ ಜಾಗ ಕೊಡುತ್ತದೆ. ಮರುಗಾಯನವನ್ನು ಕಂಡು ಮೂಲಕ್ಕೆ ಅಪಚಾರವಾಯಿತೆಂದು ಕೊರಗುವವರ ಜೊತೆ ನಾನು ನಿಲ್ಲಲಾರೆ. ಯಾರೂ ಮತ್ತೆ ಹಾಡದ ಹಾಡು ಕಪಾಟಿನಲ್ಲಿ ಉಳಿಯುತ್ತದೆ, ಅಷ್ಟೇ.

ನಮ್ಮ ಕನ್ನಡದಲ್ಲೂ ಹಳೆಯ ಹಾಡು ಹೀಗೆ ಮತ್ತೆ ಎದ್ದು ಬಂದದ್ದಿದೆ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಡಾ. ರಾಜ್ ಹಾಡಿದ ಇಂಗ್ಲಿಷ್ ಹಾಡನ್ನು, ಆಗಿನ್ನೂ ಹುಟ್ಟಿರದ ಹುಡುಗರು ದಶಕಗಳ ನಂತರ ಎತ್ತಿ ಮೆರೆಸಿದರು. ಸಂತೋಷವೇ.

ನನ್ನದೊಂದು ಬಿನ್ನಹವಿದೆ. ಈ ಹಾಡು ಎಲ್ಲಿ ಕೇಳಿದರೂ ರಫಿಯ ಹೆಸರನ್ನೂ ಶಂಕರ್–ಜೈಕಿಶನ್ ಹೆಸರನ್ನೂ ಹೇಳುತ್ತೇವೆ, ಹೇಳಬೇಕಾದದ್ದೇ. ಇನ್ನು ಮುಂದೆ ಜೊತೆಗೆ ಲಕ್ಷ್ಮಿ ಛಾಯಾ, ಹರ್ಮನ್ ಬೆಂಜಮಿನ್, ಟೆಡ್ ಲಯನ್ಸ್ ಈ ಮೂರು ಹೆಸರನ್ನೂ ಹೇಳಿ. ಪಕ್ಕದಲ್ಲಿ ಕೂತ ಮಕ್ಕಳಿಗೂ ಹೇಳಿಕೊಡಿ. ಇಡೀ ಜಗತ್ತನ್ನು ಕುಣಿಸಿದವರಿಗೆ ನಾವು ಅಷ್ಟಾದರೂ ಸಲ್ಲಿಸಬೇಕು.