ಮಲ್ಲಪ್ಪನ ಬೆಟ್ಟದ ಸುತ್ತಮುತ್ತ

ಶೃಂಗೇರಿಗೆ ಬರುವವರ ದಾರಿ ಆಗಲೂ ಈಗಲೂ ಒಂದೇ. ಶಾರದಾಂಬೆಯ ದರ್ಶನ, ವಿದ್ಯಾಶಂಕರ ಗುಡಿಯ 12 ರಾಶಿಕಂಬ, ತುಂಗೆಯ ಮೀನು, ಮಠದ ಊಟ. ರಜೆಗೆಂದು ಚಿಕ್ಕಮ್ಮನ ಮನೆಗೆ ಬರುತ್ತಿದ್ದ ನಮಗೆ ಇದೆಲ್ಲ ಮೊದಲ ದಿನವೇ ಮುಗಿಯುತ್ತಿತ್ತು. ಕೊಪ್ಪದಲ್ಲಿ ಸಹಕಾರ ಸಾರಿಗೆಯ ಬಸ್ಸು ಹತ್ತಿದರೆ ಅರ್ಧ ಜನ ಪರಿಚಯದವರೇ. ಕಾರ್ಮಿಕರು ತಾವೇ ಸೇರಿ 1991ರಲ್ಲಿ ಕಟ್ಟಿದ ಆ ಸಂಸ್ಥೆ 2020ರಲ್ಲಿ ಓಡಾಟ ನಿಲ್ಲಿಸಿತು. ನಮ್ಮ ಕಡೆಯವರಿಗೆ ಅದು ಮನೆಯವರೇ ಹೋದಷ್ಟು ಸಂಕಟ.

ಎರಡನೇ ದಿನದಿಂದ ಚಿಕ್ಕಮ್ಮನ ಮಗನೇ ನಮ್ಮ ಯಜಮಾನ. ಹೊಳೆಯ ಮೆಟ್ಟಿಲ ಹತ್ತಿರ ಕಪ್ಪೆ ಶಂಕರ: ಬಸುರಿ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳು ಕೊಟ್ಟದ್ದನ್ನು ಶಂಕರಾಚಾರ್ಯರು ಕಂಡ ಜಾಗವಂತೆ. ಕತೆಗಿಂತ ಆ ಪುಟ್ಟ ಶಿಲ್ಪದ ಕಪ್ಪೆಯ ಮೇಲೆಯೇ ನಮ್ಮ ಕಣ್ಣು.

ಆದರೆ ನಮ್ಮ ನಿಜವಾದ ಠಿಕಾಣಿ ಊರ ನಡುವಿನ ಮಲ್ಲಪ್ಪನ ಬೆಟ್ಟ. ಮೆಟ್ಟಿಲು ಹತ್ತಿದರೆ ಮಲಹಾನಿಕರೇಶ್ವರನ ಗುಡಿ. ವಿಭಾಂಡಕ ಮುನಿ ಈ ಲಿಂಗದಲ್ಲೇ ಐಕ್ಯನಾದ ಎನ್ನುತ್ತಾರೆ. ನವರಂಗದ ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿದರೆ ಚಾವಣಿಯಿಂದ ಇಳಿಬಿದ್ದ ಕಲ್ಲಿನ ತಾವರೆ ಮೊಗ್ಗು ನೇರ ಮೂಗಿನ ಮೇಲೆ. ಇನ್ನೊಂದು ವಿಚಿತ್ರ, ಕಂಬದ ಗಣಪತಿ. ಗುಡಿಯಲ್ಲಿ ಗಣಪನಿಲ್ಲವೆಂದು ಮಠದ ಗುರುಗಳಾದ ಅಭಿನವ ನರಸಿಂಹ ಭಾರತಿಗಳು ಅರಿಸಿನದ ಕೊಂಬಿನಿಂದ ಕಂಬದ ಮೇಲೆ ಗೀಚಿದ ಚಿತ್ರವದು. ಬರಬರುತ್ತಾ ಉಬ್ಬಿ ಮೂರ್ತಿಯಾಯಿತೆಂದು ನಂಬಿಕೆ. ಉಬ್ಬು ನಿಜವೋ ಎಂದು ಕಂಬಕ್ಕೆ ಕೆನ್ನೆ ತಾಗಿಸಿ, ಒಂದು ಕಣ್ಣು ಮುಚ್ಚಿ ಅಳೆಯುತ್ತಿದ್ದೆವು. "ಮುಟ್ಬೇಡ್ವೋ ಮಾರಾಯ, ಭಟ್ರು ಬೈತಾರೆ" ಎಂದು ಚಿಕ್ಕಮ್ಮನ ಮಗ ಪಿಸುಗುಟ್ಟುವಷ್ಟರಲ್ಲಿ ಭಟ್ಟರು ಬೈದೇ ಮುಗಿಸಿರುತ್ತಿದ್ದರು.

ಕೆಳಗಿಳಿದರೆ ಪೇಟೆಯ ಮಧ್ಯದಲ್ಲೇ ಪಾರ್ಶ್ವನಾಥ ಬಸದಿ, 12ನೇ ಶತಮಾನದ್ದು. ಅದರ ಮುಂದೆಯೇ ಹಾದುಹೋಗುವ ಯಾತ್ರಿಕರು ತಿರುಗಿಯೂ ನೋಡುತ್ತಿರಲಿಲ್ಲ. ತೀರ್ಥಂಕರನ ತಲೆಯ ಮೇಲೆ ಹೆಡೆ ಬಿಚ್ಚಿದ ಹಾವು ನಮ್ಮ ಲೆಕ್ಕದಲ್ಲಿ ಹೊಳೆಯ ಹಾವಿನ ನೆಂಟ. ಊರಿನ ನಾಲ್ಕು ದಿಕ್ಕಿಗೆ ಕಾವಲಿರುವ ಕಾಲಭೈರವ, ದುರ್ಗೆ, ಆಂಜನೇಯ, ಕಾಳಿಯರನ್ನು ಸೈಕಲ್ಲಿನಲ್ಲೇ ಸುತ್ತಿ ಮುಗಿಸಿದ್ದೂ ಉಂಟು.

ಇಷ್ಟೆಲ್ಲ ಕೆತ್ತಿದವರು ಯಾರೆಂದು ಆಗ ನಾವು ಕೇಳಲಿಲ್ಲ, ದೊಡ್ಡವರೂ ಹೇಳಲಿಲ್ಲ. ಶೃಂಗೇರಿಗೆ ಹೋಗುವವರಲ್ಲಿ ಒಂದು ಮಾತು: ಬೆಟ್ಟಕ್ಕೆಂದು ಒಂದು ಗಂಟೆ ಎತ್ತಿಡಿ. ಕಂಬದ ಗಣಪತಿಯನ್ನು ಎದುರಿನಿಂದಲ್ಲ, ಪಕ್ಕದಿಂದ ನೋಡಿ.