ಎರಡರ ಜಾಗದಲ್ಲಿ ಮೂರು

ಮಾರ್ಗುಲಿಸ್ ಅವರ 1982ರ ಲೇಖನ ನನ್ನ ಕೈಗೆ ಸಿಕ್ಕಿದ್ದು ಎಂಬತ್ತರ ದಶಕದ ಕೊನೆಗೆ, ಅಂಚು ಕಪ್ಪಾದ ಜೆರಾಕ್ಸ್ ಪ್ರತಿಯಾಗಿ. ಎಂಟೇ ಪುಟ. ಶೀರ್ಷಿಕೆಯಲ್ಲಿ ಎರಡು ಸಂಗತಿ: ಚಿಕ್ಕ ಸುತ್ತುಗಳಿಲ್ಲದ ಗ್ರಾಫ್‌ಗಳು, ಕಡಿಮೆ ಸಾಂದ್ರತೆಯ ಕೋಡ್‌ಗಳು. ಅವರು ಮಾಸ್ಕೋದ ಮಾಹಿತಿ ಪ್ರಸರಣ ಸಂಸ್ಥೆಯಲ್ಲಿದ್ದವರು, ಕೋಡ್ ಅವರಿಗೆ ನೆಪವಾಗಿರಲಿಲ್ಲ. ನಮಗೆ ಮಾತ್ರ ಆ ಭಾಗ ಬೇಡವಾಗಿತ್ತು. ಗ್ಯಾಲಗರ್ ಅರವತ್ತರ ದಶಕದ ಆರಂಭದಲ್ಲಿ ಕೊಟ್ಟ, ಸಂದೇಶದ ತಪ್ಪು ತಿದ್ದುವ ಆ ಕೋಡ್‌ಗಳನ್ನು ಓಡಿಸುವ ತಾಕತ್ತು ಅಂದಿನ ಯಂತ್ರಗಳಿಗಿರಲಿಲ್ಲ, ಹೆಚ್ಚಿನವರು ಮರೆತೇಬಿಟ್ಟಿದ್ದರು.

ಮೊದಲ ಭಾಗದ ವಾದ ಇವತ್ತಿಗೂ ಹಳತಾಗಿಲ್ಲ. ಎರಡು 2×2 ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಎರಡರ ಕರ್ಣದಲ್ಲೂ 1, 1, ಒಂದಕ್ಕೆ ಬಲಗಡೆ ಮೇಲ್ಮೂಲೆಯಲ್ಲಿ 2, ಇನ್ನೊಂದಕ್ಕೆ ಎಡಗಡೆ ಕೆಳಮೂಲೆಯಲ್ಲಿ 2, ಉಳಿದದ್ದು ಸೊನ್ನೆ. ಇವನ್ನೂ ಇವುಗಳ ವಿಲೋಮಗಳನ್ನೂ, ಇಟ್ಟ ಹೆಜ್ಜೆಯನ್ನೇ ಹಿಂದಕ್ಕಿಡದೆ, ಎಷ್ಟು ಗುಣಿಸುತ್ತ ಹೋದರೂ ಹೊರಟಲ್ಲಿಗೆ ಮರಳುವುದಿಲ್ಲ. ಇದು ಸಾನೊವ್ 1947ರಲ್ಲಿ ತೋರಿಸಿದ್ದು. ಈಗ ಎಲ್ಲವನ್ನೂ 101ರಿಂದ ಭಾಗಿಸಿ ಶೇಷ ಮಾತ್ರ ಉಳಿಸಿಕೊಳ್ಳಿ. ಡಿಟರ್ಮಿನೆಂಟ್ 1 ಆಗುವ 10,30,200 ಮ್ಯಾಟ್ರಿಕ್ಸ್‌ಗಳು ಗ್ರಾಫಿನ ಬಿಂದುಗಳಾಗುತ್ತವೆ, ಪ್ರತಿ ಬಿಂದುವಿಗೆ 4 ಗೆರೆ. ಒಂದು ಹೆಜ್ಜೆಗೆ ಅಂಕಿಗಳು ಬೆಳೆಯುವುದು ಹೆಚ್ಚೆಂದರೆ 2.414 ಪಟ್ಟು, 4 ಹೆಜ್ಜೆಗೆ 34 ದಾಟುವುದಿಲ್ಲ, ಅಂದರೆ 101ರ ಅರ್ಧಕ್ಕಿಂತ ಕಡಿಮೆ. ಬೇರೆ ಬೇರೆ ದಾರಿಯಲ್ಲಿ ನಾಲ್ಕು ನಾಲ್ಕು ಹೆಜ್ಜೆ ನಡೆದವರು ಒಂದೇ ಬಿಂದುವಿಗೆ ಬಂದರೆ, ಶೇಷ ತೆಗೆಯುವ ಮೊದಲೇ ಅವರ ಮ್ಯಾಟ್ರಿಕ್ಸ್‌ಗಳು ಒಂದೇ ಆಗಿರಬೇಕು. ಸಾನೊವ್ ಅದಕ್ಕೆ ಬಿಡುವುದಿಲ್ಲ. ಹಾಗಾಗಿ 8 ಗೆರೆಯವರೆಗಿನ ಸುತ್ತು ಎಲ್ಲೂ ಇಲ್ಲ. ಅತಿ ಚಿಕ್ಕ ಸುತ್ತಿನ ಈ ಉದ್ದಕ್ಕೇ ಗರ್ತ್ ಎನ್ನುವುದು. ಚೀಟಿ ಎತ್ತಿ ಗೆರೆ ಎಳೆದ 4 ಗೆರೆಯ ಗ್ರಾಫಿನಲ್ಲಾದರೆ, ಅದೆಷ್ಟೇ ದೊಡ್ಡದಿರಲಿ, ಸರಾಸರಿ 4.5 ತ್ರಿಕೋನಗಳು ಉಳಿದೇ ಉಳಿಯುತ್ತವೆ.

ಗರ್ತ್ ಹೀಗೆ ಅರ್ಧ ಪುಟದ ಕೆಲಸ. ಗ್ರಾಫ್ ಎಕ್ಸ್‌ಪ್ಯಾಂಡರ್ ಹೌದೇ, ಅಂದರೆ ಅರ್ಧ ಮೀರದ ಯಾವ ಬಿಂದುಗುಂಪಿನಿಂದಲೂ ಸಾಕಷ್ಟು ಗೆರೆಗಳು ಹೊರಕ್ಕೆ ಹೋಗುತ್ತವೆಯೇ ಎಂಬ ಪ್ರಶ್ನೆಗೆ ಸೆಲ್ಬರ್ಗ್ ಅವರ 1965ರ ಪ್ರಮೇಯ ಬೇಕಿತ್ತು. ನಾವು ಅದನ್ನು ನಂಬಿ ಮುಂದೆ ಹೋಗುತ್ತಿದ್ದೆವು. 2 ಇದ್ದಲ್ಲಿ 3 ಇಟ್ಟರೆ? ಗರ್ತ್‌ನ ವಾದ ಅಲುಗಾಡದು. ಆದರೆ ಪೂರ್ಣಾಂಕ ಮ್ಯಾಟ್ರಿಕ್ಸ್‌ಗಳ ನಡುವೆ ಇವುಗಳ ಗುಣಲಬ್ಧಗಳ ಉಪಗುಂಪು ತೀರಾ ತೆಳುವಾಗಿ, ಸೆಲ್ಬರ್ಗ್ ಕೈಚೆಲ್ಲುತ್ತಾರೆ. ಲುಬೊಟ್ಸ್ಕಿ ಇದನ್ನೇ ಪ್ರಶ್ನೆಯಾಗಿ ಎತ್ತಿದರು. ಬಹಳ ಕಾಲ ಉತ್ತರವಿರಲಿಲ್ಲ.

ಉತ್ತರ ಬುರ್ಗೇನ್ ಮತ್ತು ಗ್ಯಾಂಬರ್ಡ್ ಅವರಿಂದ ಬಂತು, 2008ರಲ್ಲಿ ಅಚ್ಚಾಯಿತು. ಅದನ್ನು ಓದಿದಾಗ ನನಗೆ ಅಚ್ಚರಿಯಾದದ್ದು ಫಲಿತಾಂಶಕ್ಕಲ್ಲ, ಅದರಲ್ಲಿ ಗರ್ತ್‌ಗೆ ಸಿಕ್ಕ ಕೆಲಸಕ್ಕೆ. ಚಿಕ್ಕ ಸುತ್ತಿಲ್ಲದ ಕಾರಣ ಯಾದೃಚ್ಛಿಕ ನಡಿಗೆ ಮೊದಮೊದಲು ಕವಲೊಡೆಯುತ್ತಲೇ ಹೋಗುತ್ತದೆ, ಯಾವ ಉಪಗುಂಪಿನಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಆಮೇಲೆ ಗುಣಿಸಿದಷ್ಟೂ ಗಣ ಹಿಗ್ಗುತ್ತದೆಂಬ ಹೆಲ್ಫ್‌ಗಾಟ್ ಅವರ ಪ್ರಮೇಯ ಕೈಹಿಡಿಯುತ್ತದೆ. ನಾವು ಬೇರೆ ಬೇರೆ ಗುಣಗಳೆಂದು ಎರಡು ಕಾಲಂನಲ್ಲಿ ಬರೆದುಕೊಂಡಿದ್ದವುಗಳಲ್ಲಿ ಒಂದು ಇನ್ನೊಂದಕ್ಕೆ ಸಾಧನವಾಗಿತ್ತು. ಈಚೆಗೆ ಅರ್ಝಾನ್ತ್ಸೆವಾ ಮತ್ತು ಅರಿಂದಮ್ ಬಿಸ್ವಾಸ್ ಇದೇ ಬಗೆಯ ಗ್ರಾಫ್‌ಗಳನ್ನು ಇನ್ನೂ ದೊಡ್ಡ ಅಳತೆಯ ಮ್ಯಾಟ್ರಿಕ್ಸ್‌ಗಳಿಂದ ಕಟ್ಟಿದ್ದಾರೆ. ಆ ಲೇಖನ ನಿಮಿಷದಲ್ಲಿ ಫೋನಿಗೆ ಬಂತು. ಜೆರಾಕ್ಸ್‌ಗಾಗಿ ಅಲೆದ ಕಾಲದ ಬಗ್ಗೆ ನನಗೆ ಹಂಬಲವಿಲ್ಲ. ಅದು ಬರೀ ಕಾಲಹರಣ.

ನಾವು ಬದಿಗಿಟ್ಟ ಕೋಡ್‌ಗಳು ತೊಂಬತ್ತರ ದಶಕದಲ್ಲಿ ಎದ್ದು ಬಂದವು. ಇಂದು 5ಜಿ ದತ್ತಾಂಶ ಸಾಗುವುದು ಆ ಜಾತಿಯ ಕೋಡ್‌ಗಳಲ್ಲೇ. ಆದರೆ ಮಾರ್ಗುಲಿಸ್ ಕೊಟ್ಟ ಕೋಡನ್ನೇ, 2640 ಬಿಟ್ ಉದ್ದದ್ದು, 2003ರಲ್ಲಿ ಮೆಕೇ ಮತ್ತು ಪೋಸ್ಟಲ್ ಪರೀಕ್ಷಿಸಿದಾಗ, ಡಿಕೋಡರ್ ಸರಿಯುತ್ತರದ ಬದಲು ಅದರಂತೆಯೇ ಕಾಣುವ ತಪ್ಪುಗಳಲ್ಲಿ ಸಿಕ್ಕಿಬೀಳುವುದು ಕಂಡಿತು. ಗರ್ತ್ ದೊಡ್ಡದಿದ್ದರೆ ಸಾಕೆಂಬ ನಂಬಿಕೆ ಅಲ್ಲಿಗೆ ಸಡಿಲವಾಯಿತು.

ಗರ್ತ್‌ನ ಲೆಕ್ಕ ಮಾತ್ರ ಮುಂದೆ ಹೋಗಿಲ್ಲ. ಬಿಂದುಗಳ ಸಂಖ್ಯೆಯ ಲಾಗರಿದಮ್ಮಿಗೆ (ಆಧಾರ, ಒಂದು ಬಿಂದುವಿನ ಗೆರೆಗಳಿಗಿಂತ ಒಂದು ಕಡಿಮೆ) ಹೋಲಿಸಿದರೆ 2 ಪಟ್ಟು ಮೀರಲು ಸಾಧ್ಯವಿಲ್ಲವೆಂದು ಗೊತ್ತು. ಲುಬೊಟ್ಸ್ಕಿ, ಫಿಲಿಪ್ಸ್, ಸಾರ್ನಾಕ್ ಮೂವರೂ 1988ರಲ್ಲಿ ರಾಮಾನುಜನ್ ಹೆಸರಿಟ್ಟು ಕಟ್ಟಿದ ಗ್ರಾಫ್‌ಗಳು 4/3 ಮುಟ್ಟಿದವು. ಅದಕ್ಕಿಂತ ಮೇಲೆ ಇನ್ನೂ ಯಾರೂ ಹೋಗಿಲ್ಲ.